ಸವಾಲಿಗೆ ಜವಾಬು

2022ರ ಡಿಸೆಂಬರ್ ಮೊದಲ ವಾರ. ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ನಾಕಾದಲ್ಲಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಗಡಿ ದಾಟುವ ಬಸ್ಸುಗಳು ಕೆಲವು ದಿನ ನಿಂತವು. ಬೆಂಗಳೂರಿನವರಿಗೆ ಇದು ಟಿವಿಯ ಸುದ್ದಿ. ಚಡಚಣದಲ್ಲಿರುವ ನಮಗೆ ಮಾತ್ರ ಬಸ್ಸು ನಿಂತರೆ ಸೊಲ್ಲಾಪುರದ ದವಾಖಾನೆಗೆ ಹೋಗುವುದು ನಿಲ್ಲುತ್ತದೆ, ಬೀಗರ ಮನೆಯ ಸೀಮಂತಕ್ಕೆ ಹೋಗುವುದು ನಿಲ್ಲುತ್ತದೆ. ನಮ್ಮಲ್ಲಿ ಆಚೆ ಸಂಬಂಧವಿಲ್ಲದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ.

ನಮ್ಮ ದೊಡ್ಡವ್ವನನ್ನು ಜತ್ತ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳ ಮಗ ನನಗಿಂತ ಒಂಬತ್ತು ವರ್ಷ ದೊಡ್ಡವನು. ಸಣ್ಣವನಿದ್ದಾಗ ಅವನ ಹೆಗಲ ಮೇಲೆ ಕೂತು ಜಾತ್ರೆ ನೋಡಿದ್ದೇನೆ. ನಮ್ಮ ಮನೆತನದವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಆ ವಾರ ನಮ್ಮಿಬ್ಬರ ಜಗಳವಾಯಿತು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ಆದ್ದರಿಂದ ಗಡಿಯ ಮಾತು ಬಂದಾಗ ಸುಮ್ಮನಿರಲು ಆಗಲಿಲ್ಲ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದದ್ದು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಅಲ್ಲೇ ಉಳಿದದ್ದು, 1966ರಲ್ಲಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾದದ್ದು, 1967ರ ಆಗಸ್ಟಿನಲ್ಲಿ ಅದು ವರದಿ ಕೊಟ್ಟದ್ದು, ಎಲ್ಲವನ್ನೂ ಬರೆದೆ. ಸೊಲ್ಲಾಪುರ, ಅಕ್ಕಲಕೋಟೆ ಮತ್ತು ಜತ್ತದ ಕಡೆಯ 247 ಊರುಗಳು ನಮಗೆ, ನಿಪ್ಪಾಣಿ, ನಂದಗಡ ಕಡೆಯ 264 ಊರುಗಳು ಅವರಿಗೆ ಎಂದು ಆಯೋಗ ಹೇಳಿದ್ದನ್ನು ಬರೆದೆ. ವರದಿಯನ್ನು ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದನ್ನೂ ಬಿಡಲಿಲ್ಲ. ಒಂದು ಅಂಕಿಯೂ ತಪ್ಪಿರಲಿಲ್ಲ.

ಆಗ ಅಣ್ಣ ಒಂದು ಪ್ರಶ್ನೆ ಕೇಳಿದ. "ತಮ್ಮಾ, ಎಲ್ಲಾ ಖರೆ. ನಮ್ಮೂರ ಕನ್ನಡ ಸಾಲ್ಯಾಗ ಎರಡು ವರ್ಷಾತು ಕನ್ನಡ ಮಾಸ್ತರ ಇಲ್ಲ. ನನ್ನ ಮೊಮ್ಮಗಳು ಮುಂದ ಯಾವ ಸಾಲಿಗಿ ಹೋಗಬೇಕು, ಅದನ್ನ ಹೇಳು."

ಜತ್ತದ ಪೂರ್ವ ಭಾಗದ ಹಳ್ಳಿಗಳಿಗೆ ಕುಡಿಯುವ ನೀರು, ಹೊಲಕ್ಕೆ ನೀರು ಎರಡೂ ಹಳೆಯ ಗೋಳು. ಆ ಗೋಳಿಗಾಗಿಯೇ ನಲವತ್ತರಷ್ಟು ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವಿನ ಮಾತು ಎತ್ತಿದ ಮೇಲೆಯೇ ಗದ್ದಲ ಏರಿದ್ದು. ಅದೆಲ್ಲ ತಲೆಯಲ್ಲಿ ಇದ್ದುದರಿಂದ ನಾನು ಅಣ್ಣನಿಗೆ ಬರೆದೆ: "ಅದನ್ನು ನಿಮ್ಮ ಸರ್ಕಾರಕ್ಕೆ ಕೇಳು. ನಿಮಗೆ ನೀರು ಬೇಕಾದಾಗ ಮಾತ್ರ ಕನ್ನಡ ನೆನಪಾಗ್ತದ."

ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು. ಅಣ್ಣ ಗುಂಪು ಬಿಟ್ಟು ಹೋದ.

ಗೆದ್ದೆ ಎಂದೇ ಆ ರಾತ್ರಿ ಮಲಗಿದೆ.

*

ನಮ್ಮ ಜಿಲ್ಲೆಯಲ್ಲಿ ಸಂವಾದದ ಬಗ್ಗೆ ಭಾಷಣ ಮಾಡುವವರೆಲ್ಲ ಬಸವನ ಬಾಗೇವಾಡಿಯಿಂದ ಶುರು ಮಾಡುತ್ತಾರೆ. ಬಸವಣ್ಣ ಹುಟ್ಟಿದ ನೆಲ, ಅನುಭವ ಮಂಟಪದ ಪರಂಪರೆ ಎಂದು ಹೇಳಿ ಚಪ್ಪಾಳೆ ಪಡೆದು ಇಳಿಯುತ್ತಾರೆ. ನಾನೂ ಹಾಗೆ ಎಷ್ಟೋ ಸಲ ಇಳಿದಿದ್ದೇನೆ. ಆ ಪರಂಪರೆ ದೊಡ್ಡದು, ನಿಜ. ಆದರೆ ಒಪ್ಪದವರ ಜೊತೆ ಹೇಗೆ ವಾದ ಮಾಡಬೇಕು ಎಂಬುದನ್ನು ನಾನು ಮೊದಲು ನೋಡಿದ್ದು ಅನುಭವ ಮಂಟಪದ ಚಿತ್ರದಲ್ಲಲ್ಲ, ಜಾತ್ರೆಯ ಬಯಲಿನಲ್ಲಿ, ಹರದೇಶಿ-ನಾಗೇಶಿ ಹಾಡಿನಲ್ಲಿ.

ಇಂಡಿ, ಸಿಂದಗಿ, ಚಡಚಣದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವನ ಪಕ್ಷ, ಅಂದರೆ ಗಂಡು ಹೆಚ್ಚು ಎನ್ನುವವರು. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎನ್ನುವವರು. ಸಾಮಾನ್ಯವಾಗಿ ಹರದೇಶಿಯಲ್ಲಿ ಗಂಡಸರು, ನಾಗೇಶಿಯಲ್ಲಿ ಹೆಂಗಸರು ಮುಂದೆ ನಿಂತು ಹಾಡುತ್ತಾರೆ. ಕೈಯಲ್ಲಿ ದಪ್ಪು, ಪಕ್ಕದಲ್ಲಿ ತುಂತುಣಿ, ತಾಳ, ಹಿಂದೆ "ಗೀಯ ಗೀಯ" ಎಂದು ದನಿ ಹಿಡಿಯುವ ಹಿಮ್ಮೇಳ. ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಹೊತ್ತು ಮುಳುಗಿದ ಮೇಲೆ ಶುರುವಾದರೆ ಮೂಡಲು ಕೆಂಪಾಗುವ ತನಕ.

ಇದು ನಮ್ಮ ಜಿಲ್ಲೆಗಷ್ಟೇ ಸೇರಿದ್ದೂ ಅಲ್ಲ. ಭೀಮೆಯ ಆಚೆ ಮರಾಠಿಯಲ್ಲಿ ಇದೇ ಕಲ್ಗಿ-ತುರಾ. ಅಲ್ಲೂ ಕಲ್ಗಿಯವರು ಶಕ್ತಿಯ ಕಡೆ, ತುರಾದವರು ಶಿವನ ಕಡೆ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ತುರ್ರಾ-ಕಲಂಗಿ ಎನ್ನುತ್ತಾರೆ. ಅಲ್ಲಿಯ ಐತಿಹ್ಯದ ಪ್ರಕಾರ ತುಕನಗೀರ್ ಎಂಬ ಸಾಧುವೂ ಶಾ ಅಲಿ ಎಂಬ ಫಕೀರನೂ ಹಾಡಿನಲ್ಲಿ ವಾದಕ್ಕಿಳಿದರಂತೆ. ಕೇಳಿ ಮೆಚ್ಚಿದ ಚಂದೇರಿಯ ರಾಜ ತನ್ನ ಮುಂಡಾಸಿನಿಂದ ತುರಾಯಿ ತೆಗೆದು ಒಬ್ಬನಿಗೆ, ಕಲ್ಗಿ ತೆಗೆದು ಇನ್ನೊಬ್ಬನಿಗೆ ಕೊಟ್ಟನಂತೆ. ಐತಿಹ್ಯವನ್ನು ಇತಿಹಾಸವೆಂದು ಯಾರೂ ತಿಳಿಯಬೇಕಿಲ್ಲ. ಆದರೆ ಜನ ಇದನ್ನು ನೆನಪಿಟ್ಟುಕೊಂಡ ರೀತಿ ನೋಡಿ: ಎರಡು ಧರ್ಮದ ಇಬ್ಬರು ವಾದ ಮಾಡಿದರು, ರಾಜ ಒಬ್ಬನನ್ನು ಸೋಲಿಸಲಿಲ್ಲ, ಒಂದೇ ಮುಂಡಾಸಿನ ಎರಡು ಒಡವೆ ಇಬ್ಬರಿಗೂ ಹಂಚಿದ.

ನನಗಾಗ ಹತ್ತೋ ಹನ್ನೊಂದೋ ವರ್ಷ. ಅಜ್ಜ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಹರದೇಶಿಯ ಹಾಡುಗಾರ ಪುರಾಣದಿಂದ ಸವಾಲು ತೆಗೆದ: ಪಾರ್ವತಿ ಶಿವನಿಗಾಗಿ ತಪಸ್ಸು ಮಾಡಿದಳೋ, ಶಿವ ಪಾರ್ವತಿಗಾಗಿ ತಪಸ್ಸು ಮಾಡಿದನೋ? ಬೇಡಿದವರು ದೊಡ್ಡವರೋ, ಕೊಟ್ಟವರು ದೊಡ್ಡವರೋ? ಜನ ಹೋ ಎಂದರು. ನಾಗೇಶಿಯ ಹೆಣ್ಣುಮಗಳು ಎದ್ದು ನಿಂತು ದಪ್ಪು ಬಡಿದಳು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಜನ ಗುಜುಗುಜು ಎನ್ನತೊಡಗಿದರು. ಅಜ್ಜನ ಪಕ್ಕದಲ್ಲಿದ್ದ ಮುದುಕನೊಬ್ಬ ಎದ್ದು ನಿಂತು ಕೂಗಿದ: "ಯವ್ವಾ, ಜವಾಬು ಮೊದಲ ಕೊಡು, ಆಮ್ಯಾಲ ನಿನ್ನ ಸವಾಲು ಹಾಕು!"

ಅವಳು ಕೇಳಿದ್ದಕ್ಕೆ ಉತ್ತರಿಸದೆ ತನ್ನ ಪ್ರಶ್ನೆಗೆ ಜಿಗಿದಿದ್ದಳು. ಜನ ಅದನ್ನು ಹಿಡಿದರು. ಅವಳು ನಕ್ಕು, ಸೆರಗು ಸರಿಮಾಡಿಕೊಂಡು, ಹಿಂದಕ್ಕೆ ಬಂದು ಜವಾಬು ಹಾಡಿದಳು. ಬೇಡಿದವಳು ಪಾರ್ವತಿಯೇ ಹೌದು, ಆದರೆ ಶಕ್ತಿ ಬಂದು ಸೇರುವ ತನಕ ಶಿವ ಕಣ್ಣು ಮುಚ್ಚಿ ಕೂತೇ ಇದ್ದನಲ್ಲ ಎಂದಳು. ಆಮೇಲೆ ತನ್ನ ಸವಾಲು ಹಾಕಿದಳು. ಅಜ್ಜ ನನ್ನ ಕಿವಿಯಲ್ಲಿ ಹೇಳಿದ, "ನೋಡು, ಜವಾಬು ಕೊಡದವಂಗ ಸವಾಲು ಹಾಕೋ ಹಕ್ಕಿಲ್ಲ."

*

ಈ ಹಾಡುಗಳ ಬೆಲೆಯನ್ನು ಮೊದಲು ಅರಿತವರೂ ನಮ್ಮ ಸುತ್ತಿನವರೇ. ಚಡಚಣದ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಹಲಸಂಗಿ ಗೆಳೆಯರೆನಿಸಿದರು. ಸಿಂಪಿ ಲಿಂಗಣ್ಣನವರು 1905ರಲ್ಲಿ ಚಡಚಣದಲ್ಲೇ ಹುಟ್ಟಿದವರು, ವೃತ್ತಿಯಿಂದ ಶಾಲಾ ಮಾಸ್ತರರು. ಓದು ಬರಹ ಬಲ್ಲವರು ಹಳ್ಳಿಯ ಹಾಡೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇವರು ಮನೆಮನೆಗೆ, ಹೊಲಹೊಲಕ್ಕೆ ಹೋಗಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. 1933ರಲ್ಲಿ 'ಜೀವನ ಸಂಗೀತ'ದ ಮೂಲಕ ಲಾವಣಿಗಳು ಪುಸ್ತಕವಾದವು. ಹಲಸಂಗಿಯ ಲಾವಣಿಕಾರ ಖಾಜಾಭಾಯಿಯವರ ಹೆಸರು ಊರ ಗಡಿ ದಾಟಿತು. ಲಿಂಗಣ್ಣನವರು 1993ರ ಕೊಪ್ಪಳ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ನಮ್ಮೂರ ಹಿರಿಯರು ತಮ್ಮ ಮನೆಯ ಮದುವೆಯಂತೆ ಓಡಾಡಿದ್ದರು.

ಗೆಳೆಯರ ಹೆಸರುಗಳನ್ನೇ ಇನ್ನೊಮ್ಮೆ ಓದಿ. ಹೆಣ್ಣುಮಕ್ಕಳು ಬೀಸುತ್ತ ಹಾಡಿದ್ದನ್ನೂ ಗಂಡಸರು ಬಯಲಲ್ಲಿ ವಾದಿಸಿದ್ದನ್ನೂ ಹಿಂದೂ ಮುಸ್ಲಿಮರು ಕೂಡಿ ಬರೆದಿಟ್ಟರು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಇದೇ ಗೀಗೀ ಮೇಳಗಳು ಖಾದಿಯ ಬಗ್ಗೆ, ಹೆಂಡದ ಬಗ್ಗೆ, ಗಾಂಧೀಜಿಯ ಬಗ್ಗೆ ಹಾಡಿದವು. ಊರನ್ನು ಒಡೆಯಬಹುದಾದ ವಿಷಯಗಳು ಇದೇ ಬಯಲಿಗೆ, ಇದೇ ದಪ್ಪಿಗೆ ಬಂದವು.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯದನ್ನೆಲ್ಲ ಚೆಂದಗಾಣಿಸುವ ಇತಿಹಾಸ ಮಾಸ್ತರನಾಗುತ್ತೇನೆ. ಆ ರಾತ್ರಿ ನಾಗೇಶಿಯವರೇ ಗೆದ್ದರೆಂದು ಜನ ಹೇಳಿದ್ದರು. ಮನೆಗೆ ಬಂದು ಅದನ್ನು ಅವ್ವನಿಗೆ ಹೇಳಿದೆ. ಅವಳು ಬಿಂದಿಗೆ ಎತ್ತಿಕೊಂಡು ಹೊರಟಿದ್ದಳು. "ರಾತ್ರಿ ಹೆಣ್ಣು ಗೆದ್ದಳಂತ ಹೌದಲ್ಲೋ? ಮುಂಜಾನೆ ನೀರು ತರಾಕ ಮತ್ತ ನಾನ ಹೊಂಟೀನಿ" ಎಂದಳು. ಹಾಡಿದ ಹೆಣ್ಣುಮಕ್ಕಳನ್ನು ರಾತ್ರಿ ತಾಯಿ ಎಂದ ಊರು ಹಗಲಲ್ಲಿ ಬೇರೆ ಕಣ್ಣಿನಿಂದ ನೋಡುತ್ತಿತ್ತು. ಆ ಕಣ್ಣು ನನಗೆ ಅರ್ಥವಾದದ್ದು ದೊಡ್ಡವನಾದ ಮೇಲೆ. ಸವಾಲು ಜವಾಬು ಹದ್ದು ಮೀರಿ ಹೊಲಸಾದ ರಾತ್ರಿಗಳೂ ಇದ್ದವು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಇಷ್ಟು ತಲೆಮಾರು ಹಾಡಿದರೂ ಯಾರ ಮನೆಯ ಕೆಲಸವೂ ಹಂಚಿಹೋಗಲಿಲ್ಲ.

ಹಾಗಾದರೆ ಆ ಬಯಲು ಕೊಟ್ಟದ್ದೇನು? ನನಗೆ ಕಾಣುವುದು ಇಷ್ಟೇ. ಎದುರಿನವನ ಪ್ರಶ್ನೆಯನ್ನು ಪೂರ್ತಿ ಕೇಳಬೇಕಿತ್ತು, ಯಾಕೆಂದರೆ ಕೇಳದೆ ಉತ್ತರ ಕಟ್ಟಲು ಬರುವುದಿಲ್ಲ. ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ, ಯಾಕೆಂದರೆ ಜನ ಬಿಡುತ್ತಿರಲಿಲ್ಲ. ಕೂತ ಜನರಲ್ಲಿ ಎರಡೂ ಕಡೆಯವರಿದ್ದರು. ಬೆಳಗಿನ ಜಾವ ಇಬ್ಬರೂ ಕೂಡಿ ಮಂಗಳ ಹಾಡಿ ಒಂದೇ ಪಂಕ್ತಿಯಲ್ಲಿ ಚಹಾ ಕುಡಿದು ಒಂದೇ ಬಸ್ಸಿಗೆ ಕಾಯುತ್ತಿದ್ದರು. ಮುಂದಿನ ಜಾತ್ರೆಯಲ್ಲಿ ಮತ್ತೆ ಎದುರಾಗುವವರು ಅವರು. ಎದುರಾಳಿ ಇಲ್ಲದೆ ತಮ್ಮ ಹಾಡೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

*

ಜವಾಬಿನ ಈ ಹೊಣೆ ಬಯಲಿನಿಂದ ಕಾಗದಕ್ಕೂ ಬಂದಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ ಶುರು ಮಾಡಿದರು. ತಮ್ಮದೇ ಮುದ್ರಣಾಲಯ ಹಾಕಿ ಕೈಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದರು. ಮಠ, ಜಾತಿ, ಧರ್ಮದ ವಿಷಯ ಈಗಿನಷ್ಟೇ ಆಗಲೂ ಸೂಕ್ಷ್ಮ. ಆದರೆ ಪತ್ರಿಕೆಯಲ್ಲಿ ಲೇಖನದ ಜೊತೆ ಬರೆದವನ ಹೆಸರಿರುತ್ತದೆ. ಒಪ್ಪದವನಿಗೆ ಮುಂದಿನ ಸಂಚಿಕೆ ಇರುತ್ತದೆ. ನಡುವಿನ ದಿನಗಳಲ್ಲಿ ಕೋಪ ಅರ್ಧ ಇಳಿದಿರುತ್ತದೆ, ಆಧಾರ ಹುಡುಕಲು ಸಮಯ ಸಿಕ್ಕಿರುತ್ತದೆ.

ಈ ಹೊಣೆ ಮುರಿದು ಬಿದ್ದದ್ದಕ್ಕೂ ನಮ್ಮ ನೆಲದಲ್ಲೇ ಉದಾಹರಣೆಯಿದೆ. ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಶಾಸನ, ವಚನ, ಹಸ್ತಪ್ರತಿಗಳನ್ನು ಓದಿ ಪ್ರಶ್ನೆ ಎತ್ತಿದವರು. ಅವರ 'ಮಾರ್ಗ' ಸಂಪುಟದ ಲೇಖನಗಳಲ್ಲಿ ಶರಣರ ಬದುಕಿನ ಕುರಿತು ಇದ್ದ ಮಾತುಗಳು ಹಲವರಿಗೆ ನೋವು ತಂದವು. ನೋವಾಗಬಾರದು ಎಂದು ನಾನು ಹೇಳುವುದಿಲ್ಲ. ನಂಬಿಕೆ ಇದ್ದಲ್ಲಿ ನೋವೂ ಇರುತ್ತದೆ. ಹಸ್ತಪ್ರತಿಗೆ ಇನ್ನೊಂದು ಹಸ್ತಪ್ರತಿ ಎದುರಿಟ್ಟು ಅವರನ್ನು ಸೋಲಿಸಬಹುದಿತ್ತು. ಬದಲಿಗೆ ಒತ್ತಡ ಬಂತು. 1989ರಲ್ಲಿ ಅವರು ಆ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವರು ಬರೆಯುವುದನ್ನು ಬಿಡಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು, 'ಮಾರ್ಗ-4'ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಬಾಗಿಲಿಗೆ ಬಂದವರು ಗುಂಡು ಹಾರಿಸಿ ಕೊಂದರು. ಎಪ್ಪತ್ತಾರು ವರ್ಷದ ವಿದ್ವಾಂಸನ ಸವಾಲುಗಳು ಇವತ್ತಿಗೂ ಪುಸ್ತಕದಲ್ಲಿ ಹಾಗೇ ಇವೆ. ಗುಂಡಿನಿಂದ ಅವುಗಳಲ್ಲಿ ಒಂದಕ್ಕೂ ಜವಾಬು ಸಿಕ್ಕಿಲ್ಲ.

ನನ್ನ ಒಂದು ಸಾಲನ್ನು ಆ ಗುಂಡಿನ ಪಕ್ಕದಲ್ಲಿಟ್ಟು ತೂಗುವುದು ಅತಿಯಾಗುತ್ತದೆ. ಕೊಲೆ ಕೊಲೆಯೇ, ಬಿರುನುಡಿ ಬಿರುನುಡಿಯೇ. ಆದರೂ ಕ್ಲಾಸಿನಲ್ಲಿ ಈ ಪಾಠ ಮಾಡುವಾಗ ಒಂದು ವಿಷಯ ನನ್ನನ್ನು ಕುಟುಕುತ್ತದೆ. ಅಣ್ಣ ಕೇಳಿದ್ದು ಒಂದು ಶಾಲೆಯ ಬಗ್ಗೆ, ಒಬ್ಬ ಮಾಸ್ತರನ ಬಗ್ಗೆ, ಒಂದು ಮಗುವಿನ ಬಗ್ಗೆ. ನಾನು ಕೊಟ್ಟದ್ದು 247 ಮತ್ತು 264. ನನ್ನ ಅಂಕಿಗಳು ಖರೆ ಇದ್ದವು, ಅವನ ಪ್ರಶ್ನೆಗೆ ಮಾತ್ರ ಅವು ಸಂಬಂಧಪಟ್ಟಿರಲಿಲ್ಲ. ಜಾತ್ರೆಯ ಬಯಲಾಗಿದ್ದರೆ ಯಾವನೋ ಮುದುಕ ಎದ್ದು ನಿಂತು "ಮಾಸ್ತರ, ಜವಾಬು ಮೊದಲ ಕೊಡ್ರಿ" ಎನ್ನುತ್ತಿದ್ದ. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು, ಒಬ್ಬರೂ ಹಾಗೆ ಕೇಳಲಿಲ್ಲ. ಅವರೆಲ್ಲ ಗಡಿಯ ಈಚೆಯವರು.

ಫೋನಿನಲ್ಲಿ ನಡೆಯುವ ವಾದಗಳನ್ನು ಆ ಮೇಲೆ ಗಮನಿಸುತ್ತ ಬಂದಿದ್ದೇನೆ. ಮೀಸಲಾತಿ, ಧರ್ಮ, ಭಾಷೆ, ಗಡಿ, ಯಾವುದೇ ಇರಲಿ. ಒಬ್ಬ ಒಂದು ಪ್ರಶ್ನೆ ಕೇಳುತ್ತಾನೆ. ಇನ್ನೊಬ್ಬ ಅದಕ್ಕೆ ಎಲ್ಲಿಂದಲೋ ಬಂದ ವಿಡಿಯೊ ದಾಟಿಸುತ್ತಾನೆ. ಮೊದಲಿನವನು ಅದನ್ನು ನೋಡುವುದಿಲ್ಲ, ತನ್ನ ಕಡೆಯ ವಿಡಿಯೊ ಹಾಕುತ್ತಾನೆ. ಸವಾಲಿನ ಮೇಲೆ ಸವಾಲು ಬಿದ್ದು ರಾಶಿಯಾಗುತ್ತದೆ. ಹಾಡುಗಾರ ತನ್ನ ಜವಾಬನ್ನು ಅಲ್ಲೇ ನಿಂತು ತಾನೇ ಕಟ್ಟಬೇಕಿತ್ತು, ಸೋತರೆ ಜನರ ಕಣ್ಣೆದುರೇ ಸೋಲಬೇಕಿತ್ತು. ನಮಗೆ ಕಟ್ಟುವ ಕಷ್ಟವೂ ಇಲ್ಲ, ಸೋಲುವ ನಾಚಿಕೆಯೂ ಇಲ್ಲ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಆಗಾಗ ನೆನಪಾಗುತ್ತಾರೆ. ಗಡಿಯಾಚೆ ಉಳಿದ ಕನ್ನಡಕ್ಕಾಗಿ ಬದುಕಿಡೀ ದುಡಿದವರು, 1974ರ ಮಂಡ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಪೀಠ ಏರಿದ ಮೊದಲ ಮಹಿಳೆ. ಅವರು ಮರಾಠಿಯಲ್ಲೂ ಬರೆದರು, ವಚನಗಳನ್ನು ಮರಾಠಿಗೂ ಒಯ್ದರು. ಕನ್ನಡದ ಪಕ್ಷ ಬಿಡಲಿಲ್ಲ, ಎದುರಿನವರ ಭಾಷೆಯಲ್ಲಿ ಮಾತಾಡುವುದನ್ನೂ ಬಿಡಲಿಲ್ಲ.

*

ಚಡಚಣ ಬಟ್ಟೆ ಅಂಗಡಿಗಳ ಊರು. ಮದುವೆಯ ಬಸ್ತಾಕ್ಕೆ ಸುತ್ತಲಿನ ಹಳ್ಳಿಗಳಿಂದ, ಗಡಿಯಾಚೆಯಿಂದಲೂ ಜನ ಬರುತ್ತಾರೆ. 2023ರ ಬೇಸಿಗೆಯಲ್ಲಿ ಅಣ್ಣನ ಸಣ್ಣ ಮಗನ ಮದುವೆಯ ಬಸ್ತಾ ಇಲ್ಲೇ ಆಯಿತು. ಎರಡು ಜೀಪು ಜನ ಬಂದಿದ್ದರಂತೆ. ಅಂಗಡಿಯಿಂದ ನಮ್ಮ ಮನೆಗೆ ಎರಡು ಓಣಿ. ಯಾರೂ ಬರಲಿಲ್ಲ. ಸಂಜೆ ಅಂಗಡಿಯ ಹುಡುಗನಿಂದ ಅವ್ವನಿಗೆ ಸುದ್ದಿ ಗೊತ್ತಾಯಿತು. ಅವಳು ಕಟ್ಟೆಯ ಮೇಲೆ ಕೂತು ಹೇಳಿದಳು, "ನನ್ನ ಅಕ್ಕನ ಮಗ ನನ್ನ ಓಣಿ ತನಕ ಬಂದು ನೀರು ಕುಡೀದ ಹ್ವಾದ."

ನೀರು ಎಂಬ ಮಾತನ್ನು ಅವಳು ಬೇಕೆಂದು ಆಡಿದ್ದಲ್ಲ. ನಾನು ಬರೆದ ಸಾಲು ಅವಳಿಗೆ ಗೊತ್ತೇ ಇರಲಿಲ್ಲ.

ಅದಾದ ಮೇಲೂ ಬಹಳ ದಿನ ಸುಮ್ಮನಿದ್ದೆ. ಕ್ಷಮೆ ಕೇಳುವುದು ಸುಲಭ, ಒಂದು ಫೋನ್ ಸಾಕು. ಆದರೆ ಅವನು ಕೇಳಿದ್ದು ಕ್ಷಮೆಯನ್ನಲ್ಲ. ಮೊಮ್ಮಗಳು ಯಾವ ಶಾಲೆಗೆ ಹೋಗಬೇಕು ಎಂದು ಕೇಳಿದ್ದ. ಜವಾಬು ಇಲ್ಲದೆ ಹೋದರೆ ಮತ್ತೆ ಬರಿಗೈ. ಹೆಂಡತಿಯ ಜೊತೆ, ಅವ್ವನ ಜೊತೆ ಕೂತು ಮಾತಾಡಿದೆ. ಕಳೆದ ಎಳ್ಳ ಅಮಾವಾಸ್ಯೆಯ ಮರುದಿನ ಸಜ್ಜೆ ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಅವನ ಊರಿಗೆ ಹೋದೆ. ಅವನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮಗ್ಗುಲಿಗೆ ಸರಿದು ಜಾಗ ಕೊಟ್ಟ.

"ಅಣ್ಣಾ, ನೀ ಅವತ್ತ ಕೇಳಿದ್ದಕ್ಕ ನಾ ಜವಾಬು ಕೊಡಲಿಲ್ಲ" ಎಂದೆ. "ಹುಡುಗಿ ನಮ್ಮನ್ಯಾಗ ಇರಲಿ. ಚಡಚಣದಾಗ ಓದಲಿ. ಅವ್ವಗೂ ಜೊತಿ ಆಗ್ತದ. ಖರ್ಚು ನಂದು."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆಮೇಲೆ ಒಳಗೆ ಕೂಗಿ ನೀರು ತರಿಸಿದ. ನಾನು ಕುಡಿದೆ. ಚೊಂಬು ಕೆಳಗಿಡುವ ಹೊತ್ತಿಗೆ ಅವನು ಕೇಳಿದ.

"ಅಕಿ ಒಬ್ಬಾಕಿ ನಿಮ್ಮನಿಗಿ ಬರ್ತಾಳ, ಆತು. ಅಕಿ ಕ್ಲಾಸಿನ್ಯಾಗ ಇನ್ನೂ ಇಪ್ಪತ್ತೆರಡು ಹುಡುಗರು ಅದಾರಲ್ಲೋ ತಮ್ಮಾ, ಅವರದೇನು?"

ಹುಡುಗಿ ಜೂನ್ ತಿಂಗಳಿಂದ ನಮ್ಮ ಮನೆಯಲ್ಲಿದ್ದಾಳೆ. ರಾತ್ರಿ ಅವ್ವನ ಪಕ್ಕದಲ್ಲಿ ಮಲಗುತ್ತಾಳೆ. ಅಣ್ಣನ ಎರಡನೆಯ ಸವಾಲು ನನ್ನ ಹತ್ತಿರವೇ ಇದೆ. ಅದಕ್ಕೆ ಜವಾಬು ಕಟ್ಟುವ ತನಕ ಗಡಿಯ ಬಗ್ಗೆ ನಾನು ಯಾರಿಗೂ ಸವಾಲು ಹಾಕುವಂತಿಲ್ಲ.